ಇಬ್ಬರು ಕೂತ ವಿಮಾನ, ಒಂದೇ ಇಜೆಕ್ಷನ್ ಸೀಟು: 1965ರ ಕ್ಯಾನ್ಬೆರಾ ಕಥೆ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಲೋಕಲ್ ಟ್ರೇನಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಿನ ಓಟದಲ್ಲಿ ಬೇಗ ದಾಟಿ ಹೋದ ಕೆಲವು ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇವೆ.

ದಿನಾಂಕ 1965ರ ಸೆಪ್ಟೆಂಬರ್ 21. ಭಾರತ-ಪಾಕಿಸ್ತಾನ ಯುದ್ಧ ಕೊನೆಯ ಹಂತದಲ್ಲಿದೆ. ಕದನ ನಿಲ್ಲಿಸಿ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹಿಂದಿನ ದಿನವೇ ನಿರ್ಣಯ ಮಾಡಿಯಾಗಿದೆ. ರಾತ್ರಿ ಹೊತ್ತು. ನಮ್ಮ ವಾಯುಪಡೆಯ ಒಂದು ಕ್ಯಾನ್ಬೆರಾ ಬಾಂಬರ್ ಸುಮಾರು 33,000 ಅಡಿ ಎತ್ತರದಲ್ಲಿ ಹಾರ್ತಾ ಇದೆ. ಒಳಗೆ ಇಬ್ಬರು. ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಮನಮೋಹನ್ ಲೋವ್, ನ್ಯಾವಿಗೇಟರ್ ಫ್ಲೈಯಿಂಗ್ ಆಫೀಸರ್ ಕಪೂರ್. ಕತ್ತಲಲ್ಲಿ ಹಿಂದಿನಿಂದ ಪಾಕಿಸ್ತಾನದ ಒಂದು ಎಫ್-104 ಸ್ಟಾರ್‌ಫೈಟರ್ ಬಂತು. ಅದನ್ನು ಹಾರಿಸುತ್ತಿದ್ದವರು ಸ್ಕ್ವಾಡ್ರನ್ ಲೀಡರ್ ಜಮಾಲ್ ಖಾನ್. ಅವರು ಬಿಟ್ಟ ಸೈಡ್‌ವೈಂಡರ್ ಕ್ಷಿಪಣಿ ಗುರಿ ಮುಟ್ಟಿತು.

ಲೋವ್ ಇಜೆಕ್ಟ್ ಆದರು, ಬದುಕಿದರು, ಯುದ್ಧ ಕೈದಿಯಾದರು. ಕಪೂರ್ ಹೊರಗೆ ಬರಲಿಲ್ಲ. ಬರೋಕೆ ಅವರಿಗೆ ಇಜೆಕ್ಷನ್ ಸೀಟೇ ಇರಲಿಲ್ಲ.

ಸೀಟು ಕೆಟ್ಟುಹೋಗಿತ್ತು ಅಂತಲ್ಲ. ಆ ಮಾದರಿಯ ವಿಮಾನದಲ್ಲಿ ನ್ಯಾವಿಗೇಟರಿಗೆ ಅಂತ ಇಜೆಕ್ಷನ್ ಸೀಟನ್ನು ಇಟ್ಟೇ ಇರಲಿಲ್ಲ. ಇವತ್ತಿನ ಮಾತು ಇದರ ಬಗ್ಗೆ. ಒಂದು ಬಾಂಬರ್ ಯುದ್ಧದಲ್ಲಿ ಬಿತ್ತು ಅಂದಾಗ ನಾವು ಸಾಮಾನ್ಯವಾಗಿ ಹೊಡೆದವರು ಯಾರು, ಯಾವ ಕ್ಷಿಪಣಿ ಅಂತ ಕೇಳ್ತೀವಿ. ಆದರೆ ಒಳಗಿದ್ದವರಲ್ಲಿ ಯಾರು ಬದುಕಬಹುದು ಅನ್ನೋದು ಎಷ್ಟೋ ಸಲ ವರ್ಷಗಳ ಹಿಂದೆಯೇ, ಯಾವುದೋ ಡ್ರಾಯಿಂಗ್ ಬೋರ್ಡಿನ ಮೇಲೆ ನಿರ್ಧಾರ ಆಗಿಬಿಟ್ಟಿರುತ್ತೆ.

ಮೊದಲು ಬೆಂಗಳೂರಿನ ದೈತ್ಯರು

ಕ್ಯಾನ್ಬೆರಾ ನಮ್ಮಲ್ಲಿಗೆ ಯಾಕೆ ಬಂತು ಅಂತ ತಿಳೀಬೇಕಾದ್ರೆ ಅದಕ್ಕೂ ಹಿಂದಿನ ಬಾಂಬರ್ ಕಥೆ ಗೊತ್ತಿರಬೇಕು. ಆ ಕಥೆ ಮುಂಬೈ ಮತ್ತು ಬೆಂಗಳೂರು ಎರಡಕ್ಕೂ ಸೇರಿದ್ದು, ಅಂದ್ರೆ ನಮ್ಮಂಥವರಿಗೆ ಎರಡೂ ಕಡೆಯಿಂದ ಹತ್ತಿರ.

ಬಾಂಬೆಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಇವತ್ತು ನಾವು ಎಚ್‌ಎಎಲ್ ಅನ್ನೋದು ಅದನ್ನೇ. ಯುದ್ಧ ಜೋರಾದ ಮೇಲೆ ಅದು ಸರ್ಕಾರದ ಕೈಗೆ ಹೋಯ್ತು. ಆಮೇಲೆ ಅಮೆರಿಕದ ಸೇನಾ ವಾಯುಪಡೆ ಅದನ್ನು ತನ್ನ ದೊಡ್ಡ ರಿಪೇರಿ ಡಿಪೋ ಆಗಿ ಬಳಸಿತು. ಹಾಗಾಗಿ ಬೆಂಗಳೂರಿನ ಕೆಲಸಗಾರರ ಕೈ ದೊಡ್ಡ ದೊಡ್ಡ ಅಮೆರಿಕನ್ ವಿಮಾನಗಳಿಗೆ ಪಳಗಿತು.

ಯುದ್ಧ ಮುಗಿದಾಗ ಬಿ-24 ಲಿಬರೇಟರ್ ಅನ್ನುವ ನಾಲ್ಕು ಎಂಜಿನ್ನಿನ ಹೆವಿ ಬಾಂಬರ್‌ಗಳು ಕಾನ್ಪುರದಲ್ಲಿ ಸಾಲುಸಾಲಾಗಿ ಉಳಿದುಬಿಟ್ಟವು. ಮತ್ತೆ ಯಾರೂ ಬಳಸಬಾರದು ಅಂತ ಅವುಗಳನ್ನು ಬೇಕಂತಲೇ ಜಖಂ ಮಾಡಿ ಬಿಟ್ಟಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಿತ್ತು, ಕೊಳ್ಳೋಕೆ ದುಡ್ಡಿರಲಿಲ್ಲ. ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ, ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿದರು. ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಬೆಂಗಳೂರಲ್ಲಿ ಪೂರ್ತಿ ಬಿಚ್ಚಿ, ಸರಿಮಾಡಿ, ವಾಯುಪಡೆಗೆ ಕೊಟ್ಟರು. 1948ರ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಶುರುವಾಯ್ತು. ಇವುಗಳಲ್ಲಿ ಕೊನೆಯವು 1968ರವರೆಗೂ ಹಾರಿದವು. ಲಂಡನ್ನಿನ ಹೆಂಡನ್ ವಸ್ತುಸಂಗ್ರಹಾಲಯದಲ್ಲಿ ಇಂದು ಇರುವ ಲಿಬರೇಟರ್ ಕೂಡ ಭಾರತ ಕೊಟ್ಟಿದ್ದೇ. ಗುಜರಿಗೆ ಹೋಗಬೇಕಿದ್ದ ವಿಮಾನ ನಮ್ಮವರ ಕೈಯಿಂದ ಮ್ಯೂಸಿಯಂ ಸೇರಿತು.

ಸರಿ, ಅಷ್ಟು ಕಷ್ಟಪಟ್ಟು ಕಟ್ಟಿಕೊಂಡ ಹೆವಿ ಬಾಂಬರ್ ಯಾಕೆ ಸಾಕಾಗಲಿಲ್ಲ? ಉತ್ತರ ಒಂದೇ ಪದ: ಜೆಟ್.

ಆರು ಸೆಕೆಂಡಿನ ಲೆಕ್ಕ

ಎರಡನೇ ಮಹಾಯುದ್ಧದ ಹೆವಿ ಬಾಂಬರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದ್ದದ್ದು ಬಂದೂಕುಗಳಿಂದ. ಮೂತಿಗೆ, ಬೆನ್ನಿಗೆ, ಹೊಟ್ಟೆಗೆ, ಬಾಲಕ್ಕೆ ಮೆಷಿನ್ ಗನ್. ಹತ್ತು ಜನರ ತಂಡದಲ್ಲಿ ಅರ್ಧಕ್ಕರ್ಧ ಗನ್ನರ್‌ಗಳು. ಎದುರಾಳಿ ವಿಮಾನಕ್ಕೂ ಬಾಂಬರಿಗೂ ವೇಗದಲ್ಲಿ ತೀರಾ ದೊಡ್ಡ ಅಂತರ ಇಲ್ಲದಿದ್ದಾಗ ಗನ್ನರಿಗೆ ಗುರಿ ಇಡೋಕೆ ಟೈಮ್ ಸಿಗುತ್ತಿತ್ತು.

1944ರಲ್ಲಿ ಜರ್ಮನಿಯ ಮೆಸರ್‌ಶ್ಮಿಟ್ 262 ಬಂತು. ಯುದ್ಧಕ್ಕೆ ಇಳಿದ ಮೊದಲ ಜೆಟ್ ಫೈಟರ್‌ಗಳಲ್ಲೊಂದು. ಗಂಟೆಗೆ ಸುಮಾರು 870 ಕಿಲೋಮೀಟರ್. ಅದರ ಮುಂದಿದ್ದ ಅಮೆರಿಕದ ಬಾಂಬರ್ ಸಾಲು ಗಂಟೆಗೆ ಸುಮಾರು 290 ಕಿಲೋಮೀಟರಿನಲ್ಲಿ ಸಾಗುತ್ತಿತ್ತು. ನೀವೇ ಲೆಕ್ಕ ಹಾಕಿ: ಜೆಟ್ ಹಿಂದಿನಿಂದ ಬಂದರೆ ಒಂದು ಕಿಲೋಮೀಟರ್ ಅಂತರ ಕರಗೋಕೆ ಸುಮಾರು ಆರು ಸೆಕೆಂಡು. ಆರು ಸೆಕೆಂಡಲ್ಲಿ ಗನ್ನರ್ ನೋಡಬೇಕು, ಗನ್ ತಿರುಗಿಸಬೇಕು, ಹೊಡೆಯಬೇಕು. ಜರ್ಮನಿಯ ಹತ್ತಿರ ಇಂಥ ವಿಮಾನಗಳು ಕಡಿಮೆ ಇದ್ದವು, ಇಂಧನ ಇರಲಿಲ್ಲ, ಯುದ್ಧವೂ ಸೋತಿತು. ಹಾಗಾಗಿ ಆ ಪಾಠ ಪೂರ್ತಿ ತಲೆಗೆ ಹೋಗಲಿಲ್ಲ.

ಅದು ಹೋಗಿದ್ದು ಕೊರಿಯಾದಲ್ಲಿ. 1951ರ ಅಕ್ಟೋಬರ್ 23, ಮಂಗಳವಾರ. ನಾಮ್ಸಿ ಅನ್ನುವ ಕಡೆಯ ವಾಯುನೆಲೆ ಮೇಲೆ ಹಾಡಹಗಲೇ ದಾಳಿ ಮಾಡೋಕೆ ಹೋದ ಎಂಟು ಬಿ-29 ಬಾಂಬರ್‌ಗಳ ಮೇಲೆ ಮಿಗ್-15 ಜೆಟ್‌ಗಳು ಎರಗಿದವು. ಜೊತೆಗೆ ಬೆಂಗಾವಲು ಜೆಟ್‌ಗಳಿದ್ದವು, ಆದರೂ ತಡೆಯಲಾಗಲಿಲ್ಲ. ಮೂರು ಬಾಂಬರ್ ಅಲ್ಲೇ ಉರುಳಿದವು, ಉಳಿದವುಗಳಲ್ಲೂ ಹೆಚ್ಚಿನವು ಜಖಂಗೊಂಡವು. ಹಿರೋಷಿಮಾ ಮೇಲೆ ಬಾಂಬ್ ಹಾಕಿದ ಮಾದರಿಯ ವಿಮಾನ ಇದು, ಆರೇ ವರ್ಷದಲ್ಲಿ ಹಗಲು ಹೊತ್ತು ಹೊರಗೆ ಬರೋಕಾಗದ ಸ್ಥಿತಿಗೆ ಬಂತು. ಅಲ್ಲಿಂದಾಚೆ ಬಿ-29ಗಳನ್ನು ರಾತ್ರಿ ದಾಳಿಗೆ ಮಾತ್ರ ಕಳಿಸೋಕೆ ಶುರು ಮಾಡಿದರು.

ನಮ್ಮ ಲಿಬರೇಟರ್ ಬಿ-29ಕ್ಕಿಂತ ಹಳೇದು, ನಿಧಾನ. ಅದಕ್ಕೆ ಬದಲಿ ಬೇಕೇ ಬೇಕಿತ್ತು.

ಬಂದೂಕು ಬೇಡ, ಎತ್ತರ ಸಾಕು

ಬ್ರಿಟನ್ನಿನ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಕ್ಯಾನ್ಬೆರಾ 1949ರ ಮೇ 13ರಂದು ಮೊದಲ ಸಲ ಹಾರಿತು. ಇದರ ಐಡಿಯಾ ಸರಳ. ರಕ್ಷಣೆಗೆ ಬಂದೂಕು ಬೇಡ, ಗನ್ನರ್ ಬೇಡ. ಹತ್ತು ಜನ ಬೇಡ, ಇಬ್ಬರು ಮೂವರು ಸಾಕು. ಯಾರ ಕೈಗೂ ಸಿಗದಷ್ಟು ಎತ್ತರದಲ್ಲಿ, ಯಾರೂ ಬೆನ್ನಟ್ಟಲಾಗದ ವೇಗದಲ್ಲಿ ಹೋಗಿ ಬಂದುಬಿಡೋದು. ಗಂಟೆಗೆ ಸುಮಾರು 930 ಕಿಲೋಮೀಟರ್ ವೇಗ, 48,000 ಅಡಿ ಎತ್ತರ. ಬ್ರಿಟಿಷರ ಲೆಕ್ಕದಲ್ಲಿ ಇದು ಲೈಟ್ ಬಾಂಬರ್. ಲಿಬರೇಟರ್ ಜಾಗಕ್ಕೆ ಬಂದ ನಮಗೆ ಮಾತ್ರ ಇದೇ ದೊಡ್ಡ ಬಾಂಬರ್.

1957ರ ಜನವರಿಯಲ್ಲಿ ಭಾರತ ಆರ್ಡರ್ ಕೊಟ್ಟಿತು. ಬಿ(ಐ)58 ಅನ್ನುವ ಬಾಂಬರ್ 54, ಪಿಆರ್57 ಅನ್ನುವ ಫೋಟೋ ತೆಗೆಯುವ ವಿಮಾನ 8, ತರಬೇತಿಗೆ 6. ಇವುಗಳಲ್ಲಿ ಒಂದಷ್ಟು ಪುಣೆಯ ಲೋಹೆಗಾಂವ್‌ಗೂ ಬಂದವು. ಪುಣೆ ಏರ್‌ಪೋರ್ಟಲ್ಲಿ ಇಳಿಯುವಾಗ ಕಿಟಕಿಯಿಂದ ಕಾಣುವ ಅದೇ ವಾಯುನೆಲೆ. 1961ರ ಡಿಸೆಂಬರ್ 18ರಂದು ಗೋವಾದ ದಾಬೋಲಿಂ ರನ್‌ವೇ ಮೇಲೆ ಬಾಂಬ್ ಹಾಕಿದ ಕ್ಯಾನ್ಬೆರಾಗಳು ಹೊರಟಿದ್ದು ಪುಣೆಯಿಂದ. ಅದೇ ದಿನ ನಮ್ಮ ಬೆಳಗಾವಿಯ ಸಾಂಬ್ರಾದಿಂದ ಹಂಟರ್ ಜೆಟ್‌ಗಳು ಎದ್ದವು. ಗೋವಾದಲ್ಲಿ ಎದುರಾಳಿ ಜೆಟ್ ಇರಲಿಲ್ಲ. ಹೋದವರೆಲ್ಲ ವಾಪಸ್ ಬಂದರು.

ಆದರೆ ಎತ್ತರವೇ ರಕ್ಷಣೆ ಅನ್ನುವ ನಂಬಿಕೆ ಅದಕ್ಕೂ ಮೊದಲೇ ಒಡೆದಿತ್ತು. 1959ರ ಏಪ್ರಿಲ್ 10, ಈದ್ ಹಬ್ಬದ ದಿನ. ರಾವಲ್ಪಿಂಡಿ ಮೇಲೆ ಫೋಟೋ ತೆಗೆಯೋಕೆ ಹೋಗಿದ್ದ ನಮ್ಮ ಪಿಆರ್57 ಒಂದನ್ನು ಪಾಕಿಸ್ತಾನದ ಸೇಬರ್ ಜೆಟ್ ಹೊಡೆದು ಕೆಡವಿತು. ಕ್ಯಾನ್ಬೆರಾ ಇದ್ದ ಎತ್ತರಕ್ಕೆ ಏರೋಕೆ ಸೇಬರ್‌ಗಳು ಒದ್ದಾಡುತ್ತಿದ್ದವು. ಕ್ಯಾನ್ಬೆರಾ ಒಂದು ತಿರುವು ತೆಗೆದುಕೊಂಡಾಗ ಸ್ವಲ್ಪ ಎತ್ತರ ಕಳೆದುಕೊಂಡಿತು. ಅಷ್ಟೇ ಸಾಕಾಯ್ತು.

ಆ ವಿಮಾನದಲ್ಲಿದ್ದ ಸ್ಕ್ವಾಡ್ರನ್ ಲೀಡರ್ ಸೇನ್‌ಗುಪ್ತ ಮತ್ತು ಫ್ಲೈಟ್ ಲೆಫ್ಟಿನೆಂಟ್ ರಾಂಪಾಲ್ ಇಬ್ಬರೂ ಇಜೆಕ್ಟ್ ಆದರು. ಗಾಯಗೊಂಡರು, ಸೆರೆಯಾದರು, ಭಾರತಕ್ಕೆ ಮರಳಿದರು. ಇಬ್ಬರೂ ಬದುಕಿದರು, ಯಾಕಂದ್ರೆ ಪಿಆರ್57ರಲ್ಲಿ ಇಬ್ಬರಿಗೂ ಇಜೆಕ್ಷನ್ ಸೀಟಿತ್ತು.

ಅದೇ ಹೆಸರು, ಬೇರೆ ಮೂತಿ

ಈಗ ಬಿ(ಐ)58ಕ್ಕೆ ಬರೋಣ. ಹೆಸರು ಕ್ಯಾನ್ಬೆರಾನೇ, ಎಂಜಿನ್ ಅದೇ ರೋಲ್ಸ್-ರಾಯ್ಸ್ ಏವನ್ ಕುಟುಂಬದ್ದು, ರೆಕ್ಕೆ ಅದೇ. ಮುಂಭಾಗ ಮಾತ್ರ ಪೂರ್ತಿ ಬೇರೆ. ಕೆಳಮಟ್ಟದಲ್ಲಿ ಹಾರಿ ದಾಳಿ ಮಾಡುವ ಕೆಲಸಕ್ಕೆ ಪೈಲಟ್‌ಗೆ ಸುತ್ತ ಚೆನ್ನಾಗಿ ಕಾಣಬೇಕು ಅಂತ ಅವರನ್ನು ಮೇಲೆ, ಸ್ವಲ್ಪ ಎಡಕ್ಕೆ, ಫೈಟರ್ ವಿಮಾನದಂಥ ಗಾಜಿನ ಗುಮ್ಮಟದ ಕೆಳಗೆ ಕೂರಿಸಿದರು. ನ್ಯಾವಿಗೇಟರ್ ಕೆಳಗೆ, ವಿಮಾನದ ಒಡಲೊಳಗೆ. ಅಲ್ಲಿ ಅವರಿಗೊಂದು ಮೇಜು. ಬಾಂಬ್ ಹಾಕುವ ಹೊತ್ತಿಗೆ ಎದ್ದು ಮೂತಿಗೆ ಹೋಗಿ, ಬೋರಲು ಮಲಗಿ, ಗಾಜಿನಿಂದ ಗುರಿ ನೋಡಬೇಕು.

ಪೈಲಟ್‌ಗೆ ಇಜೆಕ್ಷನ್ ಸೀಟು. ಹಿಡಿ ಎಳೆದರೆ ಸೀಟಿನ ಕೆಳಗಿನ ಸಿಡಿಮದ್ದು ಆ ಕ್ಷಣವೇ ಹೊರಗೆ ಎಸೆಯುತ್ತೆ. ನ್ಯಾವಿಗೇಟರಿಗೆ ಸಿಕ್ಕಿದ್ದು ಎದೆಗೆ ಸಿಕ್ಕಿಸಿಕೊಳ್ಳುವ ಪ್ಯಾರಾಚೂಟು ಮತ್ತು ಪಕ್ಕದ ಬಾಗಿಲು. ಅಂದ್ರೆ ಅವರು ತಮ್ಮ ಜಾಗ ಬಿಡಬೇಕು, ಪ್ಯಾರಾಚೂಟು ಸರಿಯಾಗಿದೆಯಾ ನೋಡಬೇಕು, ಬಾಗಿಲು ತಲುಪಬೇಕು, ತೆರೆಯಬೇಕು, ಗಂಟೆಗೆ ನೂರಾರು ಕಿಲೋಮೀಟರ್ ಗಾಳಿಗೆ ಧುಮುಕಬೇಕು. ವಿಮಾನ ನೇರವಾಗಿ ಹಾರುತ್ತಿದ್ದರೆ ಇದು ಸಾಧ್ಯ. ಕ್ಷಿಪಣಿ ತಗುಲಿ ಸುತ್ತುತ್ತಾ ಬೀಳುವ ವಿಮಾನದಲ್ಲಿ ಮೈಮೇಲೆ ಬೀಳುವ ಒತ್ತಡಕ್ಕೆ ಕೈ ಎತ್ತೋದೇ ಕಷ್ಟ.

ಸೆಪ್ಟೆಂಬರ್ 21ರ ರಾತ್ರಿ ಆಗಿದ್ದು ಇದೇ. ಸೈಡ್‌ವೈಂಡರ್ ಅನ್ನೋದು ಬಿಸಿಯನ್ನು ಹಿಂಬಾಲಿಸಿ ಹೋಗುವ ಕ್ಷಿಪಣಿ. ಹತ್ತು ಕಿಲೋಮೀಟರ್ ಎತ್ತರದ ತಣ್ಣನೆಯ ಕತ್ತಲಲ್ಲಿ ಎರಡು ಜೆಟ್ ಎಂಜಿನ್‌ಗಳ ಬಿಸಿಗಿಂತ ಸ್ಪಷ್ಟವಾದ ಗುರಿ ಅದಕ್ಕೆ ಬೇರೆ ಇರೋದಿಲ್ಲ. ಅಷ್ಟು ದಿನ ರಾತ್ರಿಯೇ ಕ್ಯಾನ್ಬೆರಾಗಳಿಗೆ ಕಂಬಳಿ ಆಗಿತ್ತು. ಸ್ಟಾರ್‌ಫೈಟರ್‌ಗಳು ಹಲವು ಸಲ ಹುಡುಕಿ, ಹತ್ತಿರ ಬಂದು, ತಪ್ಪಿಸಿಕೊಂಡಿದ್ದವು. ಎಫ್-104ಕ್ಕೆ ರಾತ್ರಿ ಹೊತ್ತು ಸಿಕ್ಕ ಮೊದಲ ಬೇಟೆ ಇದು. ಕದನ ವಿರಾಮ ಜಾರಿಗೆ ಬಂದಿದ್ದು ಸೆಪ್ಟೆಂಬರ್ 23ರ ಬೆಳಗಿನ ಜಾವ 3.30ಕ್ಕೆ. ಕಪೂರ್ ಮತ್ತು ಆ ಗಳಿಗೆಯ ನಡುವೆ ಇದ್ದದ್ದು ಸುಮಾರು ಎರಡು ದಿನ.

"ಸಾಧ್ಯವೇ ಇರಲಿಲ್ಲ" ಅನ್ನುವ ವಾದ

ವಿಡಿಯೋದಲ್ಲಿ ನಾವು ಜಾಸ್ತಿ ಹೊತ್ತು ನಿಂತಿದ್ದು ಇಲ್ಲೇ. ಆ ಕಾಲದಲ್ಲಿ ಜಾಗ ಇರಲಿಲ್ಲ, ತೂಕ ಜಾಸ್ತಿ ಆಗುತ್ತಿತ್ತು, ಬೇರೆ ದಾರಿ ಇರಲಿಲ್ಲ ಅಂತ ಹೇಳಬಹುದು. ಆದರೆ ಇದಕ್ಕೆ ಉತ್ತರ ಗಡಿಯ ಆಚೆಯೇ ಹಾರುತ್ತಿತ್ತು.

ಪಾಕಿಸ್ತಾನದ ಬಾಂಬರ್ ಯಾವುದು ಗೊತ್ತಾ? ಬಿ-57. ಅದೂ ಕ್ಯಾನ್ಬೆರಾನೇ! ಬ್ರಿಟಿಷ್ ವಿನ್ಯಾಸದ ಲೈಸೆನ್ಸ್ ತಗೊಂಡು ಅಮೆರಿಕದ ಮಾರ್ಟಿನ್ ಕಂಪನಿ ಕಟ್ಟಿದ್ದು. ಮಾರ್ಟಿನ್‌ನವರು ಬಿ-57ಬಿ ಮಾದರಿಯಲ್ಲಿ ಮುಂಭಾಗವನ್ನು ಹೊಸದಾಗಿ ಮಾಡಿ, ಪೈಲಟ್ ಮುಂದೆ, ನ್ಯಾವಿಗೇಟರ್ ಅವರ ಬೆನ್ನ ಹಿಂದೆ, ಇಬ್ಬರನ್ನೂ ಒಂದೇ ಗಾಜಿನ ಮುಚ್ಚಳದ ಕೆಳಗೆ ಕೂರಿಸಿದರು. ಇಬ್ಬರಿಗೂ ಇಜೆಕ್ಷನ್ ಸೀಟು ಕೊಟ್ಟರು.

ಅದೇ ಯುದ್ಧದಲ್ಲಿ, ಸುಮಾರು ಒಂದು ವಾರ ಮುಂಚೆ, ಪಂಜಾಬಿನ ಆದಂಪುರದ ಮೇಲೆ ರಾತ್ರಿ ದಾಳಿಗೆ ಬಂದ ಒಂದು ಬಿ-57ನ್ನು ನಮ್ಮ ವಿಮಾನ ನಿರೋಧಕ ಫಿರಂಗಿಗಳು ಹೊಡೆದುಹಾಕಿದವು. ಅದರ ಪೈಲಟ್ ಮತ್ತು ನ್ಯಾವಿಗೇಟರ್ ಇಬ್ಬರೂ ಹೊರಬಂದರು, ಇಬ್ಬರೂ ನಮ್ಮಲ್ಲಿ ಕೈದಿಗಳಾದರು. ಫಿರಂಗಿಯ ಹೊಡೆತ ಬೇರೆ, ಕ್ಷಿಪಣಿಯ ಹೊಡೆತ ಬೇರೆ, ಅದು ಸರಿ. ಆದರೂ ಎರಡು ರಾತ್ರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ತಾಯಿಬೇರಿನ ಎರಡು ವಿಮಾನ. ಒಂದರಿಂದ ಇಬ್ಬರು ಹೊರಬಂದರು, ಇನ್ನೊಂದರಿಂದ ಒಬ್ಬರು.

ಬ್ರಿಟಿಷರು ಈ ಲೆಕ್ಕಾಚಾರವನ್ನು ಕ್ಯಾನ್ಬೆರಾದಲ್ಲಿ ಮಾತ್ರ ಮಾಡಿದ್ದಲ್ಲ. ಅವರ ಹೆವಿ ಬಾಂಬರ್‌ಗಳಾದ ವೇಲಿಯಂಟ್, ವಲ್ಕನ್, ವಿಕ್ಟರ್ ಮೂರರಲ್ಲೂ ಪೈಲಟ್‌ಗಳಿಬ್ಬರಿಗೆ ಇಜೆಕ್ಷನ್ ಸೀಟು, ಹಿಂದೆ ಕೂರುವ ಮೂವರಿಗೆ ಇಲ್ಲ. 1956ರ ಅಕ್ಟೋಬರ್ 1ರಂದು ಲಂಡನ್ನಿನ ಹೀಥ್ರೂನಲ್ಲಿ ಕೆಟ್ಟ ಹವಾಮಾನದಲ್ಲಿ ಇಳಿಯುವಾಗ ಒಂದು ವಲ್ಕನ್ ಅಪಘಾತಕ್ಕೀಡಾಯ್ತು. ಮುಂದೆ ಕೂತಿದ್ದ ಪೈಲಟ್ ಮತ್ತು ಏರ್ ಮಾರ್ಷಲ್ ಬ್ರಾಡ್‌ಹರ್ಸ್ಟ್ ಇಜೆಕ್ಟ್ ಆಗಿ ಬದುಕಿದರು. ಉಳಿದ ನಾಲ್ವರು ಸತ್ತರು. ಶತ್ರು ಇಲ್ಲ, ಯುದ್ಧ ಇಲ್ಲ, ಸ್ವಂತ ದೇಶದ ರನ್‌ವೇ. ಸೀಟು ತಯಾರಿಸುವ ಮಾರ್ಟಿನ್-ಬೇಕರ್ ಕಂಪನಿ 1960ರಲ್ಲಿ ಹಿಂದಿನ ಸೀಟಿನವರನ್ನೂ ಇಜೆಕ್ಟ್ ಮಾಡಬಹುದು ಅಂತ ಒಂದು ವೇಲಿಯಂಟಲ್ಲಿ ಮಾಡಿ ತೋರಿಸಿತು. ಆದರೂ ಬಾಂಬರ್‌ಗಳಿಗೆ ಅದನ್ನು ಅಳವಡಿಸಲಿಲ್ಲ.

ನಮ್ಮ ಕೆಲಸದ ಭಾಷೆಯಲ್ಲೇ ಹೇಳೋದಾದ್ರೆ, ಇದು ರಿಸ್ಕ್ ಗೊತ್ತಿದ್ದೂ ಸಹಿ ಹಾಕಿದ ಡಿಸೈನ್. ಸಹಿ ಹಾಕಿದವರು ರಾಕ್ಷಸರೇನಲ್ಲ. ತೂಕ, ಖರ್ಚು, ಡೆಡ್‌ಲೈನ್, ಎಲ್ಲ ನಿಜವಾದ ಒತ್ತಡಗಳೇ. ಕೊಂಡವರಿಗೂ ಆಯ್ಕೆ ಬಹಳ ಇರಲಿಲ್ಲ. ಆದರೆ ಆ ಉಳಿತಾಯದ ಬೆಲೆ ಕಟ್ಟಿದವರು ಮೀಟಿಂಗಲ್ಲಿ ಇರಲಿಲ್ಲ.

ಮುಂಬೈ ಕಡಲಲ್ಲೂ

ಜೆಟ್ ಮತ್ತು ನಿಧಾನದ ವಿಮಾನದ ಈ ಲೆಕ್ಕ ಆರು ವರ್ಷದ ಮೇಲೆ ನಾವಿರುವ ಈ ಪಶ್ಚಿಮ ಕರಾವಳಿಗೂ ಬಂತು. 1971ರ ಡಿಸೆಂಬರ್ 9ರ ರಾತ್ರಿ, ಬಾಂಬೆಯಿಂದ ಜಲಾಂತರ್ಗಾಮಿ ಹುಡುಕಿಕೊಂಡು ಹೋಗಿದ್ದ ಐಎನ್‌ಎಸ್ ಖುಕ್ರಿ ದಿಯು ಹತ್ತಿರ ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿಯ ಟಾರ್ಪಿಡೋಗೆ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದರು. ಖುಕ್ರಿ ಬಗ್ಗೆ ಬಹಳ ಜನಕ್ಕೆ ಗೊತ್ತು. ಮರುದಿನದ್ದು ಅಷ್ಟಾಗಿ ಗೊತ್ತಿಲ್ಲ.

ವಿಕ್ರಾಂತ್ ಆಗ ಬಂಗಾಳ ಕೊಲ್ಲಿಯಲ್ಲಿತ್ತು. ಪಶ್ಚಿಮದಲ್ಲಿ ಉಳಿದಿದ್ದ ನೌಕಾಪಡೆಯ ಅಲಿಜೆ ವಿಮಾನಗಳು ನೆಲದ ಮೇಲಿನ ರನ್‌ವೇಗಳಿಂದ ಹಾರಿ ಸಮುದ್ರ ಕಾಯುತ್ತಿದ್ದವು. ಅಲಿಜೆ ಅಂದ್ರೆ ಮೂವರು ಕೂರುವ, ಪ್ರೊಪೆಲ್ಲರ್ ಇರುವ, ಜಲಾಂತರ್ಗಾಮಿ ಬೇಟೆಯ ಫ್ರೆಂಚ್ ವಿಮಾನ. ಜೋರಾಗಿ ಹೋದರೂ ಗಂಟೆಗೆ ಸುಮಾರು 500 ಕಿಲೋಮೀಟರ್. ಡಿಸೆಂಬರ್ 10ರಂದು ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್ ಅವರ ಅಲಿಜೆಯನ್ನು ಒಂದು ಸ್ಟಾರ್‌ಫೈಟರ್ ಕೆಡವಿತು. 2,000 ಕಿಲೋಮೀಟರ್ ದಾಟುವ ಜೆಟ್ ಎದುರು ಅದಕ್ಕೆ ಓಡಿಹೋಗುವ ದಾರಿಯೇ ಇರಲಿಲ್ಲ. ಮೂವರೂ ಮರಳಲಿಲ್ಲ. ಅದೇ ಯುದ್ಧದಲ್ಲಿ ಕ್ಯಾನ್ಬೆರಾಗಳೂ ಬಿದ್ದವು. ಬಿ(ಐ)58ರ ಒಳಗೆ ಆಗಲೂ ಇಜೆಕ್ಷನ್ ಸೀಟು ಒಂದೇ.

ಉಳಿದ ಲೆಕ್ಕ

ಕ್ಯಾನ್ಬೆರಾ ನಮ್ಮಲ್ಲಿ ಬರೋಬ್ಬರಿ 50 ವರ್ಷ ಹಾರಿತು. 1999ರ ಮೇ 21ರಂದು, ಕಾರ್ಗಿಲ್ ಯುದ್ಧದ ಹೊಸ್ತಿಲಲ್ಲಿ, ಫೋಟೋ ತೆಗೆಯೋಕೆ ಹೋದ ಒಂದು ಪಿಆರ್57ರ ಬಲ ಎಂಜಿನ್ನಿಗೆ ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿ ಬಡಿಯಿತು. ಉಳಿದ ಒಂದೇ ಎಂಜಿನ್ನಿನಲ್ಲಿ ವಿಮಾನ ಒಳಗಿದ್ದವರನ್ನು ವಾಪಸ್ ತಂದಿತು. ಅಷ್ಟು ಗಟ್ಟಿ ಮೈಯ ವಿಮಾನ ಅದು. 2007ರ ಮೇ 11ರಂದು ನಿವೃತ್ತಿ ಆಯ್ತು. ಅದರ ಬಗ್ಗೆ ಅಭಿಮಾನ ಪಡೋಕೆ ಬೇಕಾದಷ್ಟು ಕಾರಣ ಇವೆ, ನಾವೂ ಪಡ್ತೀವಿ.

ಆದರೆ ಅಭಿಮಾನದ ಲೆಕ್ಕದಲ್ಲಿ ನ್ಯಾವಿಗೇಟರ್ ಹೆಸರು ಯಾವಾಗಲೂ ಎರಡನೇ ಸಾಲಲ್ಲಿ ಬರುತ್ತೆ. ವಿಮಾನ ಯಾರದು ಅಂದ್ರೆ ಪೈಲಟ್‌ದು. ಹೊಡೆದವರು ಯಾರು ಅಂದ್ರೆ ಎದುರಾಳಿ ಪೈಲಟ್. ಆ ಕತ್ತಲ ಒಡಲೊಳಗೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಹೊರಗೆ ಸರಿಯಾಗಿ ಏನೂ ಕಾಣದೆ, "ಇನ್ನೆಷ್ಟು ದೂರ, ಯಾವ ದಿಕ್ಕು" ಅಂತ ಹೇಳುತ್ತಿದ್ದ ಮನುಷ್ಯನಿಗೂ ತನ್ನ ಸೀಟಿನ ಕೆಳಗೆ ಏನಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ರಾತ್ರಿ ರಾತ್ರಿ ಹತ್ತುತ್ತಿದ್ದರು. ಆ ಧೈರ್ಯಕ್ಕೆ ಬೇರೆಯದೇ ಒಂದು ಲೆಕ್ಕ ಇರಬೇಕು ಅಂತ ನಮಗನ್ನಿಸುತ್ತೆ.

ಕೊನೆಗೊಂದು ಕೋರಿಕೆ. ಮುಂಬೈ, ಠಾಣೆ, ನವಿ ಮುಂಬೈ ಕಡೆ ಇರುವ ನಮ್ಮ ಓದುಗರಲ್ಲಿ ಅಪ್ಪನೋ, ತಾತನೋ, ಮಾವನೋ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರು ಖಂಡಿತ ಇದ್ದೀರಿ. ಮುಂದಿನ ಸಲ ಊರಿಗೆ ಹೋದಾಗ ಲಿಬರೇಟರ್ ಬಗ್ಗೆ, ಕ್ಯಾನ್ಬೆರಾ ಬಗ್ಗೆ ಅವರನ್ನು ಕೂರಿಸಿ ಕೇಳಿ. ಫೋನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಕಾನ್ಪುರದ ಗುಜರಿಯನ್ನು ಬೆಂಗಳೂರಲ್ಲಿ ವಿಮಾನ ಮಾಡಿದ ಕೈಗಳ ಬಗ್ಗೆ ಕನ್ನಡದಲ್ಲಿ ಬರೆದಿರೋದು ತೀರಾ ಕಡಿಮೆ. ಆ ಮಾತುಗಳು ಸಿಕ್ಕರೆ ಅದಕ್ಕಾಗಿಯೇ ಇನ್ನೊಂದು ಸಂಚಿಕೆ ಮಾಡೋಣ.